ದೋಣಿ ಇಲ್ಲದ ದೀಪಸ್ತಂಭ

ಮಾರ್ಚ್ 3, ಸೋಮವಾರ

ಈ ರಿಜಿಸ್ಟರ್ ಇಂದಿನಿಂದ ಆರಂಭ. ಆಸ್ಪತ್ರೆಯ ದಾಖಲೆ ಕೋಣೆಯಿಂದ ನಿವೃತ್ತಳಾದ ದಿನ ಜೊತೆಯವರು ಪ್ರೀತಿಯಿಂದ ಕೊಟ್ಟದ್ದು. ಗಟ್ಟಿ ರಟ್ಟು, ಕೆಂಪು ಬೆನ್ನು. ಪುಟಕ್ಕೆ ಮೂರು ಕಾಲಂ ನಾನೇ ಗೆರೆ ಎಳೆದುಕೊಂಡಿದ್ದೇನೆ: ತಾರೀಖು, ನಡೆದದ್ದು, ಯಾರ ತಪ್ಪು.

ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಒಂದು ವ್ಯಾಪಾರ ಶುರು ಮಾಡಿದ್ದಾಳೆ. ಮುಚ್ಚಿಹೋದ ಅಂಗಡಿಗಳ ಸಾಮಾನನ್ನು ಗೋದಾಮಿನಿಂದ ತಂದು ಆನ್‌ಲೈನಿನಲ್ಲಿ ಮಾರುವುದು. ನನ್ನನ್ನೂ ಸೇರಿಸಿಕೊಂಡಳು. ಮನೆಯಲ್ಲಿ ಸುಮ್ಮನೆ ಕೂತು ನಾನು ಅಡುಗೆಮನೆಯ ಡಬ್ಬಿಗಳಿಗೆಲ್ಲ ಸಂಖ್ಯೆ ಹಚ್ಚಿದ್ದೆ. ಸಕ್ಕರೆ ಬೇಕೆಂದವರು ಹದಿನಾಲ್ಕನೇ ನಂಬರು ಹುಡುಕಬೇಕಾಗಿತ್ತು. ನಮ್ಮವರೇ ಬೇಸತ್ತು, "ಹೋಗೇ ಮಾರಾಯ್ತಿ, ಅವಳ ಜೊತೆ ಸೇರ್ಕೋ" ಎಂದರು.

ಬೀದಿ ಕಡೆಗೆ ಬಾಗಿಲಿರುವ ಮುಂದಿನ ಕೋಣೆ ನಮಗೆ ಸಿಕ್ಕಿದೆ. ಆದರೆ ಏಪ್ರಿಲ್ ಮೊದಲ ವಾರದವರೆಗೆ ಮಾತ್ರ. ಅಷ್ಟರಲ್ಲಿ ವ್ಯಾಪಾರ ನೆಟ್ಟಗೆ ನಿಲ್ಲದಿದ್ದರೆ ಮೈದುನ ಅದನ್ನು ಜೆರಾಕ್ಸ್ ಅಂಗಡಿಯವರಿಗೆ ಬಾಡಿಗೆ ಕೊಡುತ್ತಾನಂತೆ.

ರಿಜಿಸ್ಟರ್ ಏಕೆಂದರೆ, ಹನ್ನೊಂದು ವರ್ಷದ ಹಿಂದೆ ಯಾರೋ ಮಹಡಿಯ ಕೊಳಾಯಿ ಬಿಟ್ಟು ಹೋಗಿ, ನೀರು ಮೆಟ್ಟಿಲಿಳಿದು ಬಂದು ಹಾಸಿಗೆಯೆಲ್ಲ ತೊಯ್ದಿತ್ತು. ಬಿಟ್ಟವರು ಯಾರು ಎನ್ನುವುದಕ್ಕೆ ಸಾಕ್ಷಿ ಇರಲಿಲ್ಲ. ಕೊನೆಯಲ್ಲಿ ಮಹಡಿಯಿಂದ ಇಳಿದವಳು ನಾನೆಂದು ಅಪವಾದ ನನ್ನ ತಲೆಗೆ ಬಂತು. ನಾನು ಬಿಟ್ಟಿರಲಿಲ್ಲ. ಇವತ್ತಿಗೂ ಯಾರಾದರೂ ಕೊಳಾಯಿ ತಿರುಗಿಸಿದರೆ ಮನೆಯವರ ಕಣ್ಣು ನನ್ನ ಕಡೆ ತಿರುಗುತ್ತದೆ.

ಈ ಸಲ ಸಾಕ್ಷಿ ಇರುತ್ತದೆ. ಕಪ್ಪು ಶಾಯಿಯಲ್ಲಿ.

ಮಾರ್ಚ್ 5, ಬುಧವಾರ

ಗೋದಾಮಿಗೆ ಹೋಗಿದ್ದೆವು. ತಗಡಿನ ಸೂರು, ಕಾಲಿಟ್ಟಲ್ಲಿ ರಟ್ಟಿನ ಪೆಟ್ಟಿಗೆ. ಗೋದಾಮಿನವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ನೋಡ್ಕೊಳ್ಳಿ, ತಗೊಂಡ್ಮೇಲೆ ವಾಪಸ್ ಇಲ್ಲ" ಎಂಬ ಒಂದೇ ಮಾತನ್ನು ಎಲ್ಲ ಪ್ರಶ್ನೆಗೂ ಉತ್ತರವಾಗಿ ಕೊಡುತ್ತಾನೆ.

ಕೆಲಸ ಇಷ್ಟೇ. ಡಬ್ಬದ ಮೇಲಿನ ಬಾರ್‌ಕೋಡಿಗೆ ಫೋನ್ ಹಿಡಿಯುವುದು. ಅದೇ ಸಾಮಾನು ಆನ್‌ಲೈನ್ ಅಂಗಡಿಯಲ್ಲಿ ಯಾವ ಪುಟದಲ್ಲಿದೆ, ಎಷ್ಟು ಬೇಗ ಮಾರಾಟವಾಗುತ್ತದೆ ಎಂದು ಫೋನ್ ತೋರಿಸುತ್ತದೆ. ಚೆನ್ನಾಗಿದ್ದರೆ ಕೊಂಡು, ಅದೇ ಪುಟದಲ್ಲಿ ನಾವೂ ಮಾರಾಟಕ್ಕಿಡುವುದು.

ಇವತ್ತು ಒಂದು ಟೋಸ್ಟರಿಗೆ ಫೋನ್ ಹಿಡಿದರೆ ನಾಯಿ ಕಟ್ಟುವ ಬೆಲ್ಟು ಎಂದು ಬಂತು. ಇನ್ನೊಂದಕ್ಕೆ ಹಿಡಿದೆ, ಅದೂ ನಾಯಿ ಬೆಲ್ಟು. ಓರಗಿತ್ತಿ ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿ, ಉಗುರಿನಿಂದ ಸ್ಟಿಕರಿನ ಮೂಲೆ ಎಬ್ಬಿಸಿದಳು. ಕೆಳಗೆ ಇನ್ನೊಂದು ಬಾರ್‌ಕೋಡ್! ಹಳೆಯ ಅಂಗಡಿಯವರು ತಮ್ಮ ಚೀಟಿಯನ್ನು ಕಂಪನಿಯ ಚೀಟಿಯ ಮೇಲೆಯೇ ಹಚ್ಚಿದ್ದರು. ಅದಕ್ಕೆ ಫೋನ್ ಹಿಡಿದಾಗ ಟೋಸ್ಟರ್ ಟೋಸ್ಟರಾಯಿತು.

"ನೋಡಿದ್ರಾ ಅಕ್ಕ" ಎಂದು ಬೀಗಿದಳು. ಸ್ಟಿಕರ್ ಕೀಳುವುದರಲ್ಲಿ ಅಷ್ಟು ಬೀಗುವುದೇನಿದೆಯೋ.

ಆಸ್ಪತ್ರೆಯ ನಮ್ಮ ದಾಖಲೆ ಕೋಣೆಯ ನಿಯಮವನ್ನು ನಾನು ಅಲ್ಲೇ ಹೇಳಿದೆ: ಸಂಖ್ಯೆ ಹೇಳಿದ್ದೇ ಕೊನೆಯ ಮಾತು. ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರು ಒಂದೇ ವಾರ್ಡಿನಲ್ಲಿ ಮಲಗಿದ್ದಾಗ ಯಾರ ಎಡಗಾಲಿಗೆ, ಯಾರ ಬಲಗಾಲಿಗೆ ಆಪರೇಷನ್ ಎಂದು ಹೇಳಿದ್ದು ಫೈಲಿನ ಸಂಖ್ಯೆ. ಮುಖ ನೋಡಿ ಹೇಳಹೊರಟ ನರ್ಸಮ್ಮ ಎರಡು ಸಲ ತಪ್ಪಿದ್ದಳು. ಇಪ್ಪತ್ತೆರಡು ವರ್ಷ ನನ್ನ ಕೈಯಿಂದ ಒಂದು ಫೈಲು ಅದಲುಬದಲಾಗಿಲ್ಲ.

ತಪ್ಪು: ಹಳೆಯ ಅಂಗಡಿಯವರದು.

ಮಾರ್ಚ್ 8, ಶನಿವಾರ

ಮೊದಲ ದೂರು ಬಂತು. ಪಿಂಗಾಣಿ ಬಟ್ಟಲು ಕೊಂಡವರೊಬ್ಬರು, "ಉಳಿದ ಮೂರು ಬಟ್ಟಲು ಎಲ್ಲಿ?" ಎಂದು ಬರೆದಿದ್ದಾರೆ. ನೋಡಿದರೆ, ಆ ಪುಟ ನಾಲ್ಕು ಬಟ್ಟಲುಗಳ ಸೆಟ್ಟಿನದು. ಓರಗಿತ್ತಿ ಪುಟವನ್ನು ಪೂರ್ತಿ ಓದದೆ ಒಂದೊಂದೇ ಬಟ್ಟಲನ್ನು ಚೆನ್ನಾಗಿ ಸುತ್ತಿ ಕಳಿಸಿದ್ದಾಳೆ. ಆನ್‌ಲೈನ್ ಅಂಗಡಿಯವರಿಂದ ಮೊದಲನೆಯ ಎಚ್ಚರಿಕೆ. ಹೀಗೆ ದೂರು ಬರುತ್ತಿದ್ದರೆ ನಮ್ಮ ಖಾತೆ ನಿಲ್ಲಿಸುತ್ತಾರಂತೆ.

"ಅಯ್ಯೋ, ಪಾಪ ಅವ್ರು ನಾಲ್ಕು ಜನ ಕೂತ್ಕೊಂಡು ಒಂದು ಬಟ್ಟಲು ನೋಡಿರ್ತಾರಲ್ಲ ಅಕ್ಕ" ಎಂದು ನಗತೊಡಗಿದಳು. ನನಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ತಪ್ಪು: ಓರಗಿತ್ತಿಯದು. ಅಡಿಗೆ ಎರಡು ಗೆರೆ ಎಳೆದಿದ್ದೇನೆ.

ಮಾರ್ಚ್ 11, ಮಂಗಳವಾರ

ಇವತ್ತು ಒಳ್ಳೆಯ ಬೇಟೆ. ಮುಚ್ಚಿದ ಆಟಿಕೆ ಅಂಗಡಿಯ ನಲವತ್ತು ಡಬ್ಬ ಪಝಲ್. ಐನೂರು ಚೂರು ಜೋಡಿಸಿದರೆ ಸಮುದ್ರದ ದಂಡೆಯ ದೀಪಸ್ತಂಭವಾಗುತ್ತದೆ. ನಲವತ್ತಕ್ಕೂ ನಾನೇ ಒಂದೊಂದಾಗಿ ಫೋನ್ ಹಿಡಿದೆ. ನಲವತ್ತೂ ಅದೇ ಸಂಖ್ಯೆ, ಅದೇ ಪುಟ, ಬಿಸಿಬಿಸಿಯಾಗಿ ಖರ್ಚಾಗುವ ಮಾಲು.

ಓರಗಿತ್ತಿ ಮಾತ್ರ ಡಬ್ಬಗಳನ್ನು ನೆಲದ ಮೇಲೆ ಹರಡಿಕೊಂಡು, ಸಂಬಂಧ ನೋಡಲು ಬಂದವರ ಹಾಗೆ ಒಂದೊಂದರ ಮುಖವನ್ನೂ ದಿಟ್ಟಿಸುತ್ತ ಕೂತಳು.

"ಅಕ್ಕ, ಇದ್ರಲ್ಲಿ ದೋಣಿ ಇದೆ. ಇದ್ರಲ್ಲಿ ಇಲ್ಲ."

"ಇದ್ರೇನಾಯ್ತು?"

"ಇದ್ರಲ್ಲಿ ಅಲೆ ಜೋರಾಗಿದೆ. ಎಲ್ಲಾ ಒಂದೇ ಹೇಗಾಗುತ್ತೆ?"

"ಸಮುದ್ರ ಅಂದ್ಮೇಲೆ ದೋಣಿ ಬರುತ್ತೆ, ಹೋಗುತ್ತೆ. ನಂಬರ್ ಒಂದೇ ಇದ್ಮೇಲೆ ಸಾಮಾನೂ ಒಂದೇ. ಸುಮ್ನೆ ಪ್ಯಾಕ್ ಮಾಡು" ಎಂದೆ.

ಆಕೆ ಮತ್ತೇನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಟೇಪ್ ಕೈಗೆತ್ತಿಕೊಂಡಳು. ಚಿತ್ರ ನೋಡುತ್ತ ಅರ್ಧ ಗಂಟೆ ಹಾಳು. ಹೀಗಾದರೆ ವ್ಯಾಪಾರ ಮುಂದುವರಿದ ಹಾಗೆಯೇ.

ತಪ್ಪು: ಕಾಲಹರಣ, ಓರಗಿತ್ತಿಯದು.

ಮಾರ್ಚ್ 14, ಶುಕ್ರವಾರ

ಪಝಲ್ ಮೂರೇ ದಿನದಲ್ಲಿ ಇಪ್ಪತ್ತಮೂರು ಹೋದವು. ಓರಗಿತ್ತಿ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾಳೆ, ನಾನು ಚೀಟಿ ಹಚ್ಚುತ್ತೇನೆ. ಅವಳು ಟೇಪ್ ಎಳೆಯುವ ಸದ್ದಿಗೆ ಸರಿಯಾಗಿ ನನ್ನ ಕೈ ತಾನೇ ಮುಂದೆ ಹೋಗುತ್ತದೆ; ಕೇಳಬೇಕಿಲ್ಲ, ಹೇಳಬೇಕಿಲ್ಲ. ಡಬ್ಬದ ಮೂಲೆಗಳನ್ನು ಚೆನ್ನಾಗಿ ಮಡಚುತ್ತಾಳೆ. ಇದನ್ನು ಬರೆಯಲು ಬೇರೆ ಕಾಲಂ ಇಲ್ಲದ್ದರಿಂದ ಇಲ್ಲಿಯೇ ಬರೆದಿದ್ದೇನೆ.

ಮಧ್ಯಾಹ್ನ ಮೈದುನ ಅಳತೆ ಪಟ್ಟಿ ಹಿಡಿದು ಬಂದ. ಜೆರಾಕ್ಸ್ ಯಂತ್ರ ಈ ಗೋಡೆಗೋ ಆ ಗೋಡೆಗೋ ಎಂದು ನೋಡಬೇಕಂತೆ.

"ಇನ್ನೂ ನಾವು ಬದುಕಿದೀವಪ್ಪಾ" ಎಂದೆ.

"ಹಂಗಲ್ಲ ಅತ್ತಿಗೆ, ಅಳತೆ ತಗೊಂಡ್ರೆ ತಪ್ಪೇನು?" ಎಂದು ನನ್ನ ಕಾಲ ಬಳಿಯೇ ಪಟ್ಟಿ ಎಳೆದ.

ಅವನು ಹೋದ ಮೇಲೆ ಓರಗಿತ್ತಿ ಬಾಗಿಲು ಮುಚ್ಚಿ ಬಂದಳು. ಆಮೇಲೆ ಕೋಣೆಯ ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದು, "ಅಕ್ಕ, ಮದುವೆಯಾಗಿ ಹನ್ನೆರಡು ವರ್ಷ. ಈ ಮನೇಲಿ ನಾನು ಬೀಗ ಹಾಕೋ ಬಾಗಿಲು ಅಂತಿರೋದು ಇದೊಂದೇ" ಎಂದಳು.

ಚಹಾ ಬಗ್ಗಿಸಿಕೊಟ್ಟೆ.

ತಪ್ಪು: ಮೈದುನನದು.

ಮಾರ್ಚ್ 19, ಬುಧವಾರ

ಜನಕ್ಕೆ ಎಷ್ಟು ಕೊಟ್ಟರೂ ತೃಪ್ತಿಯಿಲ್ಲ. ಬೆಳಿಗ್ಗೆ ಒಬ್ಬರು ಬರೆದಿದ್ದಾರೆ: "ಪುಟದ ಚಿತ್ರದಲ್ಲಿ ದೋಣಿ ಇಲ್ಲ. ನನಗೆ ಬಂದದ್ದರಲ್ಲಿ ದೋಣಿ ಇದೆ. ನಾನು ದೋಣಿ ಕೇಳಿರಲಿಲ್ಲ." ದೋಣಿ ಪುಕ್ಕಟೆಯಾಗಿ ಬಂತಲ್ಲ ಎಂದು ಸಂತೋಷಪಡುವುದು ಬಿಟ್ಟು!

ಸಂಜೆಯೊಳಗೆ ಇನ್ನೂ ಇಬ್ಬರು. ಒಬ್ಬ ಅಜ್ಜಿಗೆ ಶಾಂತ ಸಮುದ್ರ ಬೇಕಿತ್ತಂತೆ, ನಾವು ಬಿರುಗಾಳಿ ಕಳಿಸಿದ್ದೇವಂತೆ. ರಕ್ತದೊತ್ತಡಕ್ಕೆ ಒಳ್ಳೆಯದೆಂದು ವೈದ್ಯರು ಪಝಲ್ ಜೋಡಿಸಲು ಹೇಳಿದ್ದರು, ಈಗ ಆ ಅಲೆಗಳನ್ನು ನೋಡಿದರೆ ಇದ್ದ ಒತ್ತಡವೂ ಏರುತ್ತಿದೆ ಎಂದು ಬರೆದಿದ್ದಾರೆ.

ಓರಗಿತ್ತಿ ಮೂರನ್ನೂ ಓದಿ ತಲೆ ತಗ್ಗಿಸಿದಳು.

ಮಾರ್ಚ್ 20, ಗುರುವಾರ

ಖಾತೆ ನಿಂತಿದೆ. ಬೆಳಿಗ್ಗೆ ತೆರೆದರೆ ಕೆಂಪು ಪಟ್ಟಿ. ಪುಟದಲ್ಲಿ ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು ಎಂಬ ಆರೋಪ. ತಪ್ಪು ಹೇಗಾಯಿತು, ಮುಂದೆ ಆಗದಂತೆ ಏನು ಮಾಡುತ್ತೀರಿ ಎಂದು ಏಳು ದಿನದಲ್ಲಿ ಬರೆದು ಕಳಿಸಬೇಕು. ಒಂದೇ ಅವಕಾಶ. ಅವರಿಗೆ ಒಪ್ಪಿಗೆಯಾಗದಿದ್ದರೆ ಖಾತೆ ಶಾಶ್ವತವಾಗಿ ಬಂದ್. ಖಾತೆ ಹೋದರೆ ಕೋಣೆ ಹೋಯಿತು.

ಸಂಜೆ ಅಣ್ಣ ತಮ್ಮ ಇಬ್ಬರೂ ಗಂಭೀರವಾಗಿ ಸೋಫಾದಲ್ಲಿ ಕೂತರು. ನಾವಿಬ್ಬರೂ ಎದುರಿಗೆ.

"ಇದು ಹೇಗಾಯ್ತು?" ಎಂದರು ನಮ್ಮವರು.

ನಾನು ಬಾಯಿ ತೆರೆಯುವ ಮೊದಲೇ ಓರಗಿತ್ತಿ, "ನಂದೇ ತಪ್ಪು ಭಾವ. ಡಬ್ಬ ಸರಿಯಾಗಿ ನೋಡದೆ ಕಳಿಸಿಬಿಟ್ಟೆ" ಎಂದಳು.

ಮೈದುನ, "ನಾನು ಅವತ್ತೇ ಹೇಳಿರ್ಲಿಲ್ವಾ, ಇದೆಲ್ಲ ನಿನ್ ಕೈಲಿ ಆಗೋದಲ್ಲ ಅಂತ" ಎಂದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

ಪ್ಯಾಕ್ ಮಾಡಿದ್ದು ಅವಳ ಕೈಯೇ ತಾನೇ. ತಪ್ಪು: ಓರಗಿತ್ತಿಯದು, ಸ್ವಂತ ಒಪ್ಪಿಗೆಯ ಮೇರೆಗೆ. ನಾಳೆ ಈ ರಿಜಿಸ್ಟರಿನಿಂದ ತಾರೀಖುಗಳನ್ನು ತೆಗೆದು ವಿವರಣೆಗೆ ಸೇರಿಸಬೇಕು. ಕೊನೆಗೂ ಉಪಯೋಗಕ್ಕೆ ಬಂತು.

ಮಾರ್ಚ್ 21, ಶುಕ್ರವಾರ

ಮಾರ್ಚ್ 11ರ ಪುಟ ಓದಿದೆ.

ಮತ್ತೆ ಓದಿದೆ.

ಇವತ್ತಿಗೆ ಇಷ್ಟೇ.

ಮಾರ್ಚ್ 22, ಶನಿವಾರ

ಓರಗಿತ್ತಿ ಮುಂದಿನ ಕೋಣೆಯಲ್ಲಿ ಖಾಲಿ ಮೇಜನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ನೇರವಾಗಿ ಕೇಳಿದೆ.

"ದೋಣಿ ಇದೆ ಅಂತ ನೀನು ಹೇಳಿದ್ದೆ. ಬಾಯಿ ಮುಚ್ಚಿಸಿದ್ದು ನಾನು. ಮೊನ್ನೆ ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

"ನೀವು ಇಪ್ಪತ್ತೆರಡು ವರ್ಷ ಒಂದು ತಪ್ಪೂ ಮಾಡಿಲ್ಲ ಅಂತೀರಲ್ಲ ಅಕ್ಕ. ಅದು ಯಾಕೆ ಕೆಡಬೇಕು? ನನ್ನ ಹೆಸರಿನ ಕೆಳಗೆ ಇನ್ನೊಂದು ಸೇರಿದ್ರೆ ಏನು ಭಾರ? ಆ ಕೆಂಪು ಪುಸ್ತಕದಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ."

ಕೆಂಪು ಪುಸ್ತಕ ಎಂದಳು.

"ನೀನು ಅದನ್ನ ಓದಿದೀಯಾ?"

"ಓದಿಲ್ಲಪ್ಪ. ಧೂಳು ಹೊಡೆಯೋವಾಗ ತೆರ್ಕೊಂಡಿತ್ತು. ಮೂರನೇ ಕಾಲಂ ಹೆಸರು ಮಾತ್ರ ಕಣ್ಣಿಗೆ ಬಿತ್ತು. ಕೆಳಗೆ ನನ್ನದೇ ಇರುತ್ತೆ ಅಂತ ಗೊತ್ತಿತ್ತು, ಮುಚ್ಚಿಟ್ಟೆ." ಹೇಳಿ ನಕ್ಕಳು. ಆ ನಗುವಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು.

ನಾಚಿಕೆಯಾಯಿತು. ಬೇರೆ ಮಾತು ಹುಡುಕಿ ಸುತ್ತಿ ಬಳಸುವುದಿಲ್ಲ. ನಾಚಿಕೆಯಾಯಿತು.

ಮಾರ್ಚ್ 24, ಸೋಮವಾರ

ಮಾರದೆ ಉಳಿದ ಡಬ್ಬಗಳನ್ನು ನೆಲದ ಮೇಲೆ ಹರಡಿ ನಾವಿಬ್ಬರೂ ಮಂಡಿಯೂರಿ ಕೂತೆವು. ಈ ಸಲ ನಾನು ಫೋನ್ ಮುಟ್ಟಲಿಲ್ಲ. ಕನ್ನಡಕ ಒರೆಸಿಕೊಂಡು ಬರೀ ನೋಡಿದೆ. ನೋಡುವುದು ಸುಲಭವಲ್ಲ, ಐದು ನಿಮಿಷಕ್ಕೆ ನನಗೆ ಎಲ್ಲ ದೀಪಸ್ತಂಭವೂ ಒಂದೇ ಕಂಡಿತು. ಅವಳು ಒಂದೊಂದನ್ನೇ ಎತ್ತಿ ಹಿಡಿದು ಹೇಳಿಕೊಟ್ಟಳು. ಒಂದರಲ್ಲಿ ಶಾಂತ ಸಮುದ್ರ, ಒಂದರಲ್ಲಿ ದೋಣಿ, ಒಂದರಲ್ಲಿ ಬಿರುಗಾಳಿ, ಇನ್ನೊಂದರಲ್ಲಿ ಸಂಜೆಯ ಬೆಳಕು. ನಾಲ್ಕು ಬಗೆ.

ಡಬ್ಬದ ತಳದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣದಾಗಿ ಒಂದು ಅಕ್ಷರ ಇರುವುದನ್ನೂ ಅವಳೇ ಕಂಡುಹಿಡಿದಳು. ಎ, ಬಿ, ಸಿ, ಡಿ. ಚಿತ್ರಕ್ಕೆ ತಕ್ಕಂತೆ ಅಕ್ಷರ. ಬಾರ್‌ಕೋಡ್ ಮಾತ್ರ ನಾಲ್ಕಕ್ಕೂ ಒಂದೇ.

ಡಬ್ಬದ ಮೇಲಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಿದೆ. "ಹೌದು ಮೇಡಂ, ನಾಲ್ಕೂ ಮಿಶ್ರ ಮಾಡಿ ಅಂಗಡಿಗೆ ಕಳಿಸ್ತಿದ್ವಿ. ಅಂಗಡೀಲಿ ಗಿರಾಕಿ ಕಣ್ಣಾರೆ ನೋಡಿ ತಗೋತಾರಲ್ಲ, ಅದಕ್ಕೆ ಒಂದೇ ಕೋಡು ಸಾಕಾಗಿತ್ತು" ಎಂದ ಫೋನ್ ಎತ್ತಿದವನು. "ಯಾಕೆ, ನೀವು ನೋಡ್ಲಿಲ್ವಾ?"

ನೋಡಲಿಲ್ಲ ಎಂದೆ.

ಮಾರ್ಚ್ 26, ಬುಧವಾರ

ವಿವರಣೆ ಬರೆದೆ. ಮೊದಲ ಕರಡು ಮೂರು ಪುಟ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುವಾಗಿ, ಕಂಪನಿಯವರು ಹೇಗೆ ಹೊಣೆಗಾರರು, ಗೋದಾಮಿನವನು ಹೇಗೆ ಹೊಣೆಗಾರ ಎಂದು ಎಳೆ ಎಳೆಯಾಗಿ ಬಿಡಿಸಿದ್ದೆ. ಓದಿ ಹೇಳಿದೆ.

"ಇದನ್ನ ಓದಿದ್ರೆ ನಾನೇ ನಮ್ಮ ಖಾತೆ ಮುಚ್ಚಿಬಿಡ್ತಿದ್ದೆ ಅಕ್ಕ" ಎಂದಳು ಓರಗಿತ್ತಿ.

ಎರಡನೆಯದು ಆರು ಸಾಲು. ನಾಲ್ಕು ಬೇರೆ ಚಿತ್ರಗಳಿಗೆ ಒಂದೇ ಬಾರ್‌ಕೋಡ್ ಇತ್ತು. ನನ್ನ ಜೊತೆಗಾರ್ತಿ ಸಾಮಾನು ನೋಡಿ ಅದನ್ನು ಹೇಳಿದಳು. ನಾನು ಸಂಖ್ಯೆಯನ್ನು ಮಾತ್ರ ನಂಬಿ ಅವಳ ಬಾಯಿ ಮುಚ್ಚಿಸಿದೆ. ದೂರು ಕೊಟ್ಟವರಿಗೆಲ್ಲ ಹಣ ಹಿಂತಿರುಗಿಸುತ್ತೇವೆ. ಇನ್ನು ಮುಂದೆ ಅವಳು ಕಣ್ಣಿನಿಂದ ನೋಡಿ ಒಪ್ಪಿದ ಮೇಲೆ ಮಾತ್ರ ನಾನು ಫೋನ್ ಹಿಡಿಯುತ್ತೇನೆ, ಎರಡೂ ತಾಳೆಯಾಗದೆ ಯಾವುದೂ ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಮಾರ್ಚ್ 11ರ ನಮ್ಮ ದಾಖಲೆಯ ಚಿತ್ರ ಲಗತ್ತಿಸಿದೆ.

ಕಳಿಸುವ ಮೊದಲು, ಅಣ್ಣ ತಮ್ಮ ಕೂತಿದ್ದ ಸೋಫಾದ ಎದುರು ನಿಂತು ಓದಿದೆ. ಮಾರ್ಚ್ 11ರ ಪುಟವನ್ನೂ ಓದಿದೆ, ಸಂಬಂಧ ನೋಡಲು ಬಂದವರ ಹೋಲಿಕೆಯನ್ನೂ ಬಿಡದೆ. "ದೋಣಿ ಬರುತ್ತೆ, ಹೋಗುತ್ತೆ" ಎಂಬಲ್ಲಿಗೆ ಬಂದಾಗ ಕನ್ನಡಕ ಸರಿಮಾಡಿಕೊಂಡೆ.

ನಮ್ಮವರು ಕೆಮ್ಮಿದರು. ಕೆಮ್ಮು ಸುಳ್ಳೆಂದು ಗೊತ್ತು, ನಗು ತಡೆಯುತ್ತಿದ್ದರು. ಮೈದುನ ಹೆಂಡತಿಯ ಮುಖ ನೋಡಿ, "ಅವತ್ತು ಯಾಕೆ ಹೇಳ್ಲಿಲ್ಲ ನೀನು?" ಎಂದ.

"ನೀವು ಯಾರ ತಪ್ಪು ಅಂತ ಕೇಳಿದ್ರಿ. ಯಾರು ನೋಡಿದ್ರು ಅಂತ ಕೇಳ್ಲಿಲ್ಲ" ಎಂದಳು.

ನಾನು ಕಳಿಸುವ ಗುಂಡಿ ಒತ್ತಿದೆ.

ಮಾರ್ಚ್ 30, ಭಾನುವಾರ

ಅಂಗಡಿಯವರಿಂದ ಇನ್ನೂ ಉತ್ತರವಿಲ್ಲ. ದಿನಕ್ಕೆ ಹತ್ತು ಸಲ ಫೋನ್ ನೋಡುತ್ತೇವೆ. ಕೈ ಖಾಲಿ ಇರಲಾರದೆ, ಎಲ್ಲೋ ಬಡಿದು ಮೂಲೆ ಜಜ್ಜಿಹೋಗಿದ್ದ ಒಂದು ದೋಣಿಯ ಪಝಲ್ ಬಿಚ್ಚಿ ಪ್ಯಾಕಿಂಗ್ ಮೇಜಿನ ಮೇಲೆ ಸುರಿದುಕೊಂಡೆವು.

ಮೈದುನ ಅಳತೆ ಪಟ್ಟಿಯೊಂದಿಗೆ ಬಂದ. ಜೆರಾಕ್ಸ್‌ನವರು ಇನ್ನೊಮ್ಮೆ ಅಳತೆ ಕೇಳಿದ್ದಾರಂತೆ. ಮೇಜಿನ ಪಕ್ಕ ಒಂದು ನಿಮಿಷ ನಿಂತ. "ಅದು ಅಲ್ಲಲ್ಲ, ಅದು ಹಾಯಿಯ ತುದಿ" ಎಂದ. ಬಗ್ಗಿದ. ಕುರ್ಚಿ ಎಳೆದುಕೊಂಡ. ಊಟಕ್ಕೆ ಕರೆಯಲು ಬಂದ ನಮ್ಮವರೂ ನಿಂತಲ್ಲೇ ಆಕಾಶದ ಮೂರು ಚೂರು ಹಾಕಿದರು. ಸಂಜೆ ಎದ್ದು ಹೋಗುವಾಗ ಮೈದುನ, "ಮೇಜು ಹಾಗೇ ಇರ್ಲಿ ಅತ್ತಿಗೆ, ಯಾರೂ ಅಲ್ಲಾಡಿಸ್ಬೇಡಿ. ಅವ್ರಿಗೆ ಇನ್ನೊಂದು ವಾರ ತಡೀರಿ ಅಂತೀನಿ" ಎಂದ.

ಅಳತೆ ಪಟ್ಟಿಯನ್ನು ಇಲ್ಲಿಯೇ ಮರೆತು ಹೋಗಿದ್ದಾನೆ. ಡಬ್ಬ ಅಳೆಯಲು ನಮಗೆ ಬೇಕಾಗಿತ್ತು, ಒಳಗಿಟ್ಟೆ.

ಏಪ್ರಿಲ್ 2, ಬುಧವಾರ

ಖಾತೆ ತೆರೆಯಿತು!

ಓರಗಿತ್ತಿ ಟೇಪಿನ ಸುರುಳಿಯನ್ನು ಸೂರಿಗೆ ಎಸೆದಳು, ಅದು ನನ್ನ ತಲೆಯ ಮೇಲೆ ಬಿತ್ತು. ನೋವಾಯಿತು. ಪರವಾಗಿಲ್ಲ.

ಏಪ್ರಿಲ್ 4, ಶುಕ್ರವಾರ

ಗೋದಾಮಿಗೆ ಹೋಗಿ ಬಂದೆವು. ಮೇಜುದೀಪಗಳ ಒಂದು ರಾಶಿ. ಅವಳು ಮೊದಲು ಒಂದೊಂದನ್ನೂ ತಿರುಗಿಸಿ ನೋಡಿದಳು, ಅಷ್ಟು ಹೊತ್ತೂ ನಾನು ಫೋನನ್ನು ಚೀಲದಲ್ಲಿಟ್ಟುಕೊಂಡು ಕಾದೆ. ಎರಡು ಹಸಿರು ದೀಪಗಳನ್ನು ಪಕ್ಕಕ್ಕಿಟ್ಟಳು. ಅವುಗಳ ಡಬ್ಬದ ಮೇಲಿನ ಚಿತ್ರದಲ್ಲಿ ದೀಪ ನೀಲಿಯಂತೆ. ಸಂಖ್ಯೆ ಸರಿಯಾಗಿತ್ತು, ಆದರೂ ಬಿಟ್ಟು ಬಂದೆವು. ಗೋದಾಮಿನವನು ನಮ್ಮನ್ನು ನೋಡಿ, "ನೋಡ್ಕೊಳ್ಳಿ" ಎಂಬುದನ್ನು ಇವತ್ತು ಹೇಳಲಿಲ್ಲ.

ಮೂರನೆಯ ಕಾಲಮ್ಮಿನ ತಲೆಬರಹವನ್ನು ಹೊಡೆದುಹಾಕಿ "ಯಾರು ನೋಡಿದರು" ಎಂದು ಬರೆದಿದ್ದೇನೆ. ಆನ್‌ಲೈನ್ ಅಂಗಡಿಯವರಿಗೆ ಮಾತು ಕೊಟ್ಟಿರುವುದರಿಂದ, ಅಷ್ಟೇ.

ಮಧ್ಯಾಹ್ನ ದೀಪ ಸುತ್ತುತ್ತಿದ್ದಾಗ, ತಲೆ ಎತ್ತದೆ ಓರಗಿತ್ತಿ ಹೇಳಿದಳು: "ಅಕ್ಕ, ಒಂದು ಮಾತು. ಅವತ್ತು ಮಹಡಿ ಕೊಳಾಯಿ ಬಿಟ್ಟಿದ್ದು ನಾನೇ. ಆಗ ಹೊಸಬಳು, ಹೆದರ್ಕೊಂಡೆ. ಆಮೇಲೆ ಹೇಳೋಕೆ ತಡ ಆಗ್ತಾ ಆಗ್ತಾ ಹನ್ನೊಂದು ವರ್ಷ ಆಗೋಯ್ತು."

ಇದೇ ಮಾತಿಗೆ ನಾನು ಹನ್ನೊಂದು ವರ್ಷ ಕಾದಿದ್ದೆ. ಸಿಕ್ಕ ದಿನ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಟ್ಟಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

"ಕತ್ತರಿ ಕೊಡು" ಎಂದೆ.

ಕೊಟ್ಟಳು. ಟೇಪ್ ಎಳೆದಳು, ನಾನು ಚೀಟಿ ಹಚ್ಚಿದೆ. ಎಂಟು ದೀಪ ಕಟ್ಟಿ ಮುಗಿಸಿದೆವು.

ಕೊಳಾಯಿಯ ವಿಷಯ ಇಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ. ಮನೆಯಲ್ಲಿ ಯಾರಾದರೂ ಕೇಳಿದರೆ, ಬಿಟ್ಟವಳು ನಾನೇ. ಹೇಗೂ ಎಲ್ಲರಿಗೂ ಹಾಗೆಯೇ ಗೊತ್ತಿದೆ. ಇಷ್ಟು ಹಳೆಯ ದಾಖಲೆಯನ್ನು ಈಗ ಯಾರು ತಿದ್ದುತ್ತಾರೆ?